ಹತ್ತು ನಿಮಿಷದ ಗಡುವು

ಹನ್ನೊಂದು ಗಂಟೆಗೆ ವಿಚಾರಣೆ. ಅವನದಲ್ಲ. ಅವನು ಮುಖ ಕೂಡ ನೋಡಿರದ ಒಬ್ಬನದು, ರೈಲಿನಲ್ಲಿ ಹೋದರೆ ಒಂದಿಡೀ ಹಗಲು ಹಿಡಿಯುವಷ್ಟು ದೂರದ ಊರಿನ ನೀರು ಸರಬರಾಜು ಕಚೇರಿಯಲ್ಲಿ. ಆದರೂ ಎಂಟೂವರೆಗೆ ಕನ್ನಡಿಯ ಮುಂದೆ ಗಡ್ಡ ಹೆರೆದುಕೊಳ್ಳುತ್ತಿದ್ದವನ ಕೈ ಜಾರಿ ದವಡೆಯ ಕೆಳಗೆ ಗೀರಾಯಿತು. ಹತ್ತಿ ಒತ್ತಿ ಹಿಡಿದುಕೊಂಡು, ಇವತ್ತೇ ಆಗಬೇಕಿತ್ತಾ ಎಂದು ತನ್ನ ಮುಖಕ್ಕೇ ಸಿಡುಕಿದ. ಅದೇ ಹನ್ನೊಂದಕ್ಕೆ ಇಲ್ಲಿ ಅವನ ಕಚೇರಿಯಲ್ಲಿ ಒಂದು ಸಣ್ಣ ಸಮಾರಂಭವಿತ್ತು. ಅವನು ಬರೆದ ಸ್ಕ್ರಿಪ್ಟಿಗಾಗಿ, ಅಂದರೆ ಒಂದು ಚಿಕ್ಕ ಕಂಪ್ಯೂಟರ್ ಪ್ರೋಗ್ರಾಮಿಗಾಗಿ, ಬೆನ್ನು ತಟ್ಟಿ ಗಾಜಿನ ಫಲಕ ಕೊಡುವವರಿದ್ದರು, ಫೋಟೋ ತೆಗೆಯುವವರಿದ್ದರು. ಎರಡಕ್ಕೂ ಒಂದೇ ಹೊತ್ತನ್ನು ಯಾರೂ ಬೇಕೆಂದು ಗೊತ್ತು ಮಾಡಿರಲಿಲ್ಲ, ಹಾಗೆ ಬಂದಿತ್ತು ಅಷ್ಟೆ. ಆದರೆ ಭಾನುವಾರದಿಂದ ಅವನಿಗೆ ಯಾವುದೂ ಸುಮ್ಮನೆ ಬಂದಂತೆ ಕಾಣುತ್ತಿರಲಿಲ್ಲ. ಒಲೆಯ ಮೇಲೆ ಹಾಲು ಉಕ್ಕಿದರೂ ಯಾರೋ ತನಗೆ ಕೇಳಿಸಲೆಂದೇ ಉಕ್ಕಿಸಿದರು ಅನ್ನಿಸುತ್ತಿತ್ತು.

"ರೀ, ಬೀಗದವನನ್ನ ಇವತ್ತಾದ್ರೂ ಕರೀತೀರಾ?" ಹೆಂಡತಿ ಅಡುಗೆಮನೆಯಿಂದ ಕೇಳಿದಳು. ಶಾಲೆಯಲ್ಲಿ ಗಣಿತ ಹೇಳಿಕೊಡುವವಳು. ಉತ್ತರ ಬರುವ ತನಕ ಪ್ರಶ್ನೆಯನ್ನು ಕೈಬಿಡುವ ಪೈಕಿಯವಳಲ್ಲ.

"ಕರೀತೀನಿ."

"ಭಾನುವಾರಾನೂ ಹೀಗೇ ಅಂದ್ರಿ. ನಾಲ್ಕು ದಿನದಿಂದ ಮುಖ ಒಂಥರಾ ಇಟ್ಕೊಂಡಿದೀರ. ಏನಾಗಿದೆ ಅಂತ ಬಾಯಿ ಬಿಟ್ಟು ಹೇಳ್ಬಾರ್ದಾ?"

"ಕೆಲಸ ಜಾಸ್ತಿ" ಎಂದ. ಕೆಲಸ ಜಾಸ್ತಿ ಎನ್ನುವುದು ಎಷ್ಟು ಅನುಕೂಲದ ಮಾತು, ಅದರ ಕೆಳಗೆ ಏನನ್ನು ಬೇಕಾದರೂ ತುರುಕಿಡಬಹುದು. ಅವಳು ಇನ್ನೇನೋ ಕೇಳುವುದರೊಳಗೆ ಅವನು ಚಪ್ಪಲಿ ಮೆಟ್ಟಿದ್ದ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಫೋನು ತೆಗೆದು ನೋಡಬಾರದು ಎಂದುಕೊಂಡು ತೆಗೆದು ನೋಡಿದ. ಹೊಸದೇನೂ ಬಂದಿರಲಿಲ್ಲ. ಭಾನುವಾರದ ಆ ಪತ್ರ ಮಾತ್ರ ಹಾಗೇ ಕೂತಿತ್ತು, ಸ್ಕ್ರಿಪ್ಟಿನ ಇಂಟರ್‌ನೆಟ್ ಪುಟದಲ್ಲಿ, ಜಗತ್ತಿನ ಯಾರು ಬೇಕಾದರೂ ಓದುವ ಹಾಗೆ. ಬರೆದವನ ಹೆಸರಿನ ಜಾಗದಲ್ಲಿ 'ನಲ್ಲಿ' ಎಂದಿತ್ತು, ಮುಖದ ಜಾಗದಲ್ಲಿ ತೊಟ್ಟಿಕ್ಕುವ ಒಂದು ನಲ್ಲಿಯ ಚಿತ್ರ. ಮೊದಲ ಸಲ ನೋಡಿದಾಗ ಅವನಿಗೆ ನಗು ಬಂದಿತ್ತು. ಪತ್ರ ಓದಿ ಮುಗಿಸುವಷ್ಟರಲ್ಲಿ ಆ ನಗು ಎಲ್ಲಿ ಹೋಯಿತೋ.

ಅವನ ಕಸುಬು ದೂರದ ಪೆಟ್ಟಿಗೆಗಳ ಜೊತೆ ಮಾತಾಡುವುದು. ಮೆಟ್ಟಿಲ ಕೆಳಗೆ, ಪೊರಕೆ ಬಕೆಟ್ಟುಗಳ ಪಕ್ಕ, ಧೂಳು ಹೊದ್ದು ಹಸಿರು ದೀಪ ಮಿಟುಕಿಸುತ್ತ ಕೂತಿರುವ, ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವ ರೂಟರು, ಸ್ವಿಚ್ಚುಗಳು. ಕಸುಬಿನವರು ಎಲ್ಲಕ್ಕೂ ಸೇರಿಸಿ ಪೆಟ್ಟಿಗೆ ಎನ್ನುತ್ತಾರೆ. ಪ್ರತಿಯೊಂದರ ಒಳಗೂ ಒಂದು ಪಟ್ಟಿ ಇರುತ್ತದೆ, ಯಾರ ಮಾತು ಕೇಳಬೇಕು, ಯಾರದು ಕೇಳಬಾರದು ಎಂದು. ಆ ಪಟ್ಟಿಯನ್ನು ದೂರದಿಂದ ತಿದ್ದುವಾಗ ಒಂದು ಅಂಕಿ ತಪ್ಪಿತೋ, ತಿದ್ದಿದವನೇ ಹೊರಗಾಗುತ್ತಾನೆ. ಪೆಟ್ಟಿಗೆ ಅಲ್ಲೇ ಇರುತ್ತದೆ, ದೀಪ ಮಿಟುಕಿಸುತ್ತಲೇ ಇರುತ್ತದೆ, ಆದರೆ ನಿಮ್ಮನ್ನು ಗುರುತಿಸುವುದಿಲ್ಲ. ಆಮೇಲೆ ಯಾರಾದರೂ ಕೇಬಲ್ ಹಿಡಿದು ಅದರ ಬುಡಕ್ಕೇ ಹೋಗಿ ಕೂರಬೇಕು. ಅವನಿಗೆ ಕೆಲಸ ಕಲಿಸಿದ ಗಂಟುಮಾಮ ಮೊದಲ ದಿನವೇ ಹೇಳಿದ್ದರು: "ದೂರದ ಪೆಟ್ಟಿಗೆಗೆ ಕೈ ಹಾಕೋ ಮುಂಚೆ ಗಡುವು ಕೊಡು. ಹತ್ತು ನಿಮಿಷದೊಳಗೆ ನಾನು ಬಂದು ಎಲ್ಲಾ ಸರಿ ಅಂತ ಹೇಳ್ಲಿಲ್ಲ ಅಂದ್ರೆ ನೀನು ಮೊದಲು ಹೇಗಿದ್ಯೋ ಹಾಗೆ ಆಗ್ಬಿಡು ಅನ್ನು. ಆಮೇಲೆ ಏನ್ ಬೇಕಾದ್ರೂ ತಿದ್ದು." ತಂತಿಗಳನ್ನು ಅಷ್ಟು ಅಂದವಾಗಿ ಕಂತೆ ಕಟ್ಟಿ ಗಂಟು ಹಾಕುತ್ತಿದ್ದರಿಂದ ಅವರಿಗೆ ಆ ಹೆಸರು. ಉಗುರಿನಲ್ಲಿ ಸದಾ ಕಪ್ಪು. ನಿಜವಾದ ಹೆಸರು ಹಿಡಿದು ಕರೆದರೆ ತಿರುಗಿಯೂ ನೋಡುತ್ತಿರಲಿಲ್ಲ.

ಅವನು ಬರೆದ ಸ್ಕ್ರಿಪ್ಟು ಬೇರೇನೂ ಅಲ್ಲ, ಮಾಮನ ಆ ಮಾತು. ನೂರು ಪೆಟ್ಟಿಗೆಗಳಿಗೆ ಒಂದೇ ಸಲ ಹೋಗಿ, ಗಡುವು ಇಟ್ಟು, ತಿದ್ದಿ, ಹೊರಗೆ ಬಂದು, ಮತ್ತೆ ಹೊಸದಾಗಿ ಬಾಗಿಲು ತಟ್ಟಿ, ತೆರೆದರೆ ಗಡುವು ರದ್ದು ಮಾಡಿ, ತೆರೆಯದಿದ್ದರೆ ಸುಮ್ಮನೆ ಕಾಯುತ್ತಿತ್ತು; ಹತ್ತು ನಿಮಿಷಕ್ಕೆ ಪೆಟ್ಟಿಗೆ ತಾನೇ ಹಳೆಯದಕ್ಕೆ ಮರಳುತ್ತಿತ್ತು. ಯಾರು ಬೇಕಾದರೂ ತೆಗೆದುಕೊಳ್ಳಲಿ, ತಿದ್ದಲಿ, ಹಂಚಲಿ ಎಂದು ತೆರೆದಿಟ್ಟ. ಮೊದಲ ವರ್ಷ ಮೂರು ಜನ ತೆಗೆದುಕೊಂಡರು. ಆಮೇಲೆ ಮುನ್ನೂರು. ಆಮೇಲೆ ಎಣಿಸುವುದನ್ನು ಬಿಟ್ಟೆ ಎಂದು ಎಲ್ಲರಿಗೂ ಹೇಳುತ್ತಿದ್ದ, ಆದರೆ ದಿನಾ ಬೆಳಿಗ್ಗೆ ಹಲ್ಲುಜ್ಜುತ್ತ ಎಣಿಸುತ್ತಿದ್ದ. ಕಚೇರಿಯಲ್ಲಿ ಹದಿನಾಲ್ಕು ವರ್ಷ ಮೂಲೆಯ ಮೇಜಿನಲ್ಲಿ ಕೂತವನಿಗೆ ಯಾವುದೋ ದೇಶದ ಯಾರೋ 'ನೀವು ನನ್ನ ರಜೆಯನ್ನು ಉಳಿಸಿದಿರಿ' ಎಂದು ಬರೆದರೆ ಹೇಗಿರಬೇಡ. ಆ ಸಾಲನ್ನು ಹೆಂಡತಿಗೆ ಎರಡು ಸಲ ಓದಿ ಹೇಳಿದ್ದ. ಎರಡನೇ ಸಲ ಅವಳು ಉತ್ತರಪತ್ರಿಕೆ ತಿದ್ದುತ್ತಲೇ "ಹೂಂ, ಹೇಳಿದ್ರಿ" ಎಂದಿದ್ದಳು.

ಮೂರು ತಿಂಗಳ ಹಿಂದೆ ಒಬ್ಬ ಬರೆದ: ನಿಮ್ಮದು ಆಮೆ, ಇನ್ನೊಬ್ಬರ ಸ್ಕ್ರಿಪ್ಟು ಇದರ ಅರ್ಧ ಹೊತ್ತಿನಲ್ಲಿ ಮುಗಿಸುತ್ತದೆ. ಅಷ್ಟೇ. ಸಭ್ಯವಾಗಿಯೇ ಬರೆದಿದ್ದ. ಓದಿದವನಿಗೆ ಮೈಯೆಲ್ಲ ಉರಿಯಿತು. ಎಲ್ಲಿ ಹೊತ್ತು ಪೋಲಾಗುತ್ತಿದೆ ಎಂದು ನೋಡಿದರೆ ಹೊರಗೆ ಬಂದು ಮತ್ತೆ ಬಾಗಿಲು ತಟ್ಟುವಲ್ಲಿ. ಪ್ರತಿ ಪೆಟ್ಟಿಗೆಗೆ ನಲವತ್ತು ಸೆಕೆಂಡು. ಒಳಗೆ ಹೇಗೂ ಇದ್ದೇನಲ್ಲ, ಒಳಗಿದ್ದುಕೊಂಡೇ 'ಎಲ್ಲಾ ಸರಿಯೇ' ಎಂದು ಕೇಳಿದರಾಯಿತು, ಪೆಟ್ಟಿಗೆ ಉತ್ತರಿಸಿದರೆ ಸಂಪರ್ಕ ಇದೆ ಎಂದೇ ಅರ್ಥವಲ್ಲವೇ. ಏಳು ಸಾಲು ಅಳಿಸಿ ಎರಡು ಸಾಲು ಬರೆದ. 'ಈಗ ಎರಡು ಪಟ್ಟು ವೇಗ' ಎಂದು ಪುಟದ ನೆತ್ತಿಯ ಮೇಲೆ ಹಾಕಿಕೊಂಡ. ಎಷ್ಟೊಂದು ಹೆಬ್ಬೆರಳುಗಳು ಎದ್ದುನಿಂತವು. ಆಮೆ ಎಂದವನೂ ಒಂದು ಹೆಬ್ಬೆರಳು ಎತ್ತಿದ್ದ. ಆ ದಿನ ಅವನು ಬಸ್ಸಿಳಿದು ಮನೆಯವರೆಗೆ ಗುನುಗುತ್ತ ನಡೆದುಬಂದಿದ್ದ.

ನಲ್ಲಿಯ ಪತ್ರ ಉದ್ದವಿರಲಿಲ್ಲ. 'ಸರ್, ನಾನು ನೀರು ಸರಬರಾಜು ವಿಭಾಗದಲ್ಲಿ ಆಪರೇಟರ್. ಮೂವತ್ತೇಳು ಪಂಪ್‌ಹೌಸ್‌ಗಳ ಪೆಟ್ಟಿಗೆಗಳಲ್ಲಿ ಪಟ್ಟಿ ಬದಲಾಯಿಸಲು ನಿಮ್ಮ ಸ್ಕ್ರಿಪ್ಟ್ ಓಡಿಸಿದೆ. ಪಟ್ಟಿಯಲ್ಲಿ ನಮ್ಮ ಕಂಟ್ರೋಲ್ ರೂಮಿನ ನಂಬರು ತಪ್ಪಾಗಿ ಹೊಡೆದಿದ್ದೆ, ಅದು ನನ್ನ ತಪ್ಪು, ಒಪ್ಪುತ್ತೇನೆ. ಆದರೆ ಹತ್ತು ನಿಮಿಷಕ್ಕೆ ಎಲ್ಲವೂ ವಾಪಸ್ ಬರಬೇಕಿತ್ತಲ್ಲ ಸರ್, ಬರಲಿಲ್ಲ. ಮೂವತ್ತೇಳಕ್ಕೆ ಮೂವತ್ತೇಳೂ ಮಾತು ನಿಲ್ಲಿಸಿದವು. ಮೂರು ದಿನ ಅರ್ಧ ಊರಿಗೆ ನೀರಿಲ್ಲ. ಒಂದೊಂದಕ್ಕೂ ಜೀಪಿನಲ್ಲಿ ಹೋಗಿ ಸರಿ ಮಾಡಬೇಕಾಯಿತು. ಹಾಗೆ ಹೋಗುವಾಗ ಒಂದು ಜೀಪು ಮಗುಚಿತು, ನಮ್ಮ ಡ್ರೈವರ್ ಅಣ್ಣನ ಸೊಂಟ ಮುರಿದಿದೆ, ಇನ್ನು ನಡೆಯುವುದು ಕಷ್ಟವಂತೆ. ನನ್ನನ್ನು ಸಸ್ಪೆಂಡ್ ಮಾಡಿದ್ದಾರೆ. ಗುರುವಾರ ಹನ್ನೊಂದಕ್ಕೆ ವಿಚಾರಣೆ. ಗಡುವನ್ನು ನಾನೇ ಬೇಕೆಂದು ರದ್ದು ಮಾಡಿದೆ ಅನ್ನುತ್ತಿದ್ದಾರೆ. ನಾನು ಮಾಡಿಲ್ಲ ಅನ್ನಿಸುತ್ತೆ. ಸ್ಕ್ರಿಪ್ಟಿನಲ್ಲಿ ಏನಾದರೂ ದೋಷ ಇದ್ದಿರಬಹುದೇ ಎಂದು ದಯವಿಟ್ಟು ನೋಡುತ್ತೀರಾ? ನಿಮ್ಮದೊಂದು ಸಾಲು ಸಾಕು.'

'ಮಾಡಿಲ್ಲ' ಎನ್ನದೆ 'ಮಾಡಿಲ್ಲ ಅನ್ನಿಸುತ್ತೆ' ಎಂದು ಬರೆದಿದ್ದ, ಪುಣ್ಯಾತ್ಮ.

ಭಾನುವಾರ ಅದನ್ನು ಓದಿದಾಗ ಮೊದಲು ಅವನಿಗೆ ಬಂದದ್ದು ಸಿಟ್ಟು. ಅಂಕಿ ತಪ್ಪಾಗಿ ಹೊಡೆದವನು ಇವನು, ಎಲ್ಲರೆದುರು ಬಂದು ನನ್ನ ಅಂಗಿ ಹಿಡಿದು ಎಳೆಯುತ್ತಾನಲ್ಲ. ಅದೇ ಹೊತ್ತಿಗೆ ಹೊರಗಿನಿಂದ ಹೆಂಡತಿ ಬಾಗಿಲು ಬಡಿಯುತ್ತಿದ್ದಳು. ತರಕಾರಿ ಚೀಲ ಹಿಡಿದು ಬಂದಿದ್ದಳು, ಕೀಲಿ ತಿರುಗುತ್ತಿರಲಿಲ್ಲ. ಎದ್ದು ಹೋಗಿ ಚಿಲಕ ತೆಗೆದ. "ನೋಡು, ಚೆನ್ನಾಗಿಯೇ ತೆಗೆಯುತ್ತಲ್ಲ" ಎಂದು ಹಿಡಿಕೆಯನ್ನು ಎರಡು ಸಲ ತಿರುಗಿಸಿ ತೋರಿಸಿದ. ಅವಳು ಬೆವರು ಒರೆಸಿಕೊಳ್ಳುತ್ತ, "ಒಳಗೆ ನಿಂತ್ಕೊಂಡು ತೆಗೆದ್ರೆ ತೆಗೆಯದೆ ಏನ್ರೀ? ಹೊರಗೆ ಬಂದು ನೋಡಿ" ಎಂದಳು. ಅವನ ಕೈ ಹಿಡಿಕೆಯ ಮೇಲೇ ಉಳಿಯಿತು. ಚೀಲದಿಂದ ಒಂದು ಟೊಮೇಟೊ ಉರುಳಿ ಕುರ್ಚಿಯ ಕೆಳಗೆ ಹೋಯಿತು, ಅವನು ಅದನ್ನು ಎತ್ತಲಿಲ್ಲ. ಪಟ್ಟಿ ಬದಲಾದರೂ ಮೊದಲೇ ಒಳಗಿದ್ದವನನ್ನು ಪೆಟ್ಟಿಗೆ ಹೊರಗೆ ದಬ್ಬುವುದಿಲ್ಲ. ಹೊಸದಾಗಿ ಬರುವವನನ್ನು ಮಾತ್ರ ತಡೆಯುತ್ತದೆ. ಅವನ ಎರಡು ಸಾಲು ಒಳಗೆ ಕೂತು ಎಲ್ಲಾ ಸರಿಯೇ ಎಂದು ಕೇಳಿದ್ದವು, ಪೆಟ್ಟಿಗೆ ಸರಿ ಎಂದಿತ್ತು, ಗಡುವು ರದ್ದಾಗಿತ್ತು, ಸ್ಕ್ರಿಪ್ಟು ಹೊರಗೆ ಬಂದು ಬಾಗಿಲೆಳೆದುಕೊಂಡಿತ್ತು. ಮೂವತ್ತೇಳು ಸಲ. ಕಸುಬಿಗೆ ಬಂದ ಮೊದಲ ದಿನ ಕಲಿತದ್ದನ್ನು ನಲವತ್ತು ಸೆಕೆಂಡಿನ ಆಸೆಗೆ ಮರೆತಿದ್ದ.

ಸರಿ ಮಾಡುವುದಕ್ಕೆ ಹತ್ತು ನಿಮಿಷವೂ ಹಿಡಿಯಲಿಲ್ಲ. ಅಳಿಸಿದ್ದ ಏಳು ಸಾಲುಗಳನ್ನು ಮೊದಲಿದ್ದಲ್ಲೇ ಕೂರಿಸಿದ. ಬೇರೆಯವರೂ ಹೊರಗಾಗುವ ಮುಂಚೆ ಇದು ಹೋಗಲೇಬೇಕು, ವಿವರ ಆಮೇಲೆ ನಿಧಾನವಾಗಿ ಬರೆದರಾಯಿತು ಎಂದುಕೊಂಡ. ಪ್ರತಿ ತಿದ್ದುಪಡಿಯ ಜೊತೆಗೆ ಏನು ಮಾಡಿದೆ ಎಂದು ಒಂದು ಸಾಲು ಬರೆಯುವುದು ಪದ್ಧತಿ. ಸ್ಕ್ರಿಪ್ಟಿನೊಳಗಿನ ಒಂದಷ್ಟು ವಿವರಣೆಯ ಟಿಪ್ಪಣಿಗಳ ಅಲ್ಪವಿರಾಮವನ್ನೂ ಸರಿಮಾಡಿ, 'ಟಿಪ್ಪಣಿಗಳನ್ನು ಒಪ್ಪ ಮಾಡಿದ್ದು, ಸಣ್ಣಪುಟ್ಟ ತಿದ್ದುಪಡಿ' ಎಂದು ಬರೆದು ಕಳಿಸಿದ. ಬಚ್ಚಿಟ್ಟಿರಲಿಲ್ಲ. ಏಳು ಸಾಲು ಹಸಿರು ಬಣ್ಣದಲ್ಲಿ, ಹೋದ ಎರಡು ಸಾಲು ಕೆಂಪು ಬಣ್ಣದಲ್ಲಿ, ತಾರೀಖಿನ ಸಮೇತ ಎಲ್ಲರ ಕಣ್ಣೆದುರಿಗೇ ಇದ್ದವು. ಯಾರಾದರೂ ಒಬ್ಬ ನೋಡಿ, ಇದೇನಿದು ಎಂದು ಕೇಳಿಬಿಟ್ಟರೆ ಒಪ್ಪಿಕೊಳ್ಳುವುದು ಎಷ್ಟು ಸುಲಭ. ಸೋಮವಾರ ಯಾರೂ ಕೇಳಲಿಲ್ಲ. ಮಂಗಳವಾರ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದ, ಯಾರೂ ಕೇಳಲಿಲ್ಲ. ಬುಧವಾರ ಕಾಯುತ್ತಿರುವುದು ಕೇಳಲೆಂದೋ ಕೇಳದಿರಲೆಂದೋ ಅವನಿಗೇ ಗೊತ್ತಾಗಲಿಲ್ಲ. ನಲ್ಲಿಗೆ 'ನೋಡುತ್ತಿದ್ದೇನೆ' ಎಂದು ಒಂದೇ ಪದದ ಉತ್ತರ ಕೊಟ್ಟಿದ್ದ. ಅದು ಸುಳ್ಳಲ್ಲ. ನೋಡುವುದನ್ನು ಬಿಟ್ಟು ಅವನು ಬೇರೇನೂ ಮಾಡಿರಲಿಲ್ಲ.

ಕಚೇರಿಯ ಮೆಟ್ಟಿಲ ಹತ್ತಿರ ಕಾವಲಿನವನು ಎದ್ದು ನಿಂತು ನಕ್ಕ, ಮೊದಲ ಸಲ. ಗೋಡೆಯ ಫಲಕದಲ್ಲಿ ಇವನ ಫೋಟೋ ಅಂಟಿಸಿದ್ದರು, ಯಾವುದೋ ಹಳೆಯ ಗುರುತಿನ ಚೀಟಿಯದು. ಹದಿನಾಲ್ಕು ವರ್ಷದ ಹಿಂದಿನ ತೆಳ್ಳಗಿನ ಮುಖ ಇವನನ್ನು ಗುರುತಿಸದ ಹಾಗೆ ನೋಡುತ್ತಿತ್ತು. ಮೇಜಿನ ಮುಂದೆ ಕೂತ. ಹತ್ತು ಗಂಟೆ ಐದು ನಿಮಿಷ. ಉತ್ತರದ ಚೌಕ ತೆರೆದು ಬರೆದ: 'ದೋಷ ನನ್ನದು. ಮೂರು ತಿಂಗಳ ಹಿಂದಿನ ನನ್ನ ಬದಲಾವಣೆಯಿಂದ ಗಡುವು ತಪ್ಪಾಗಿ ರದ್ದಾಗುತ್ತಿತ್ತು. ಆಪರೇಟರ್ ಅದನ್ನು ರದ್ದು ಮಾಡಿಲ್ಲ.' ಮೂರು ವಾಕ್ಯ. ಓದಿದ. ಎಷ್ಟು ಚಿಕ್ಕದಾಗಿ, ಎಷ್ಟು ಸ್ಪಷ್ಟವಾಗಿ ಬಂದಿದೆ ಎಂದು ಒಂದು ಕ್ಷಣ ಹೆಮ್ಮೆಯೂ ಆಯಿತು, ಮರುಕ್ಷಣ ಅದಕ್ಕೆ ನಾಚಿಕೆಯಾಯಿತು. ಆಗ ಮ್ಯಾನೇಜರ್ ಬಂದು ಹೆಗಲ ಮೇಲೆ ಕೈಯಿಟ್ಟರು. ಅವರ ಕೈ ಅವನ ಹೆಗಲಿಗೆ ಬಂದದ್ದೂ ಮೊದಲ ಸಲವೇ.

"ಏನಪ್ಪಾ, ಭಾಷಣ ಬರ್ಕೊಂತಿದೀಯಾ?"

"ಇಲ್ಲ ಸರ್, ಸುಮ್ನೆ" ಎಂದು ಕಿಟಕಿ ಮುಚ್ಚಿದ. ಬರೆದದ್ದು ಉಳಿಯಿತೋ ಹೋಯಿತೋ ನೋಡಲಿಲ್ಲ.

"ಮೇಲಿನವರು ಬರ್ತಿದಾರೆ. ನಿನ್ ಆ ಚಿಕ್ಕ ಪ್ರೋಗ್ರಾಮ್ ಇದ್ಯಲ್ಲ, ಅದನ್ನ ನಾವು ಎಲ್ಲಾ ಶಾಖೆಗೂ ಹಾಕ್ತೀವಿ ಅಂತ ಹೇಳ್ತೀನಿ. ನಿಂಗೆ ಅದ್ರ ಉಸ್ತುವಾರಿ. ಒಂದು ಮಾತು, ಯಾವತ್ತೂ ಕೈಕೊಟ್ಟಿಲ್ಲ ತಾನೇ ಅದು? ಕೇಳಿದ್ರೆ ನಾನು ಏನು ಹೇಳ್ಲಿ?"

ಅವನು ಮ್ಯಾನೇಜರರ ಅಂಗಿಯ ಗುಂಡಿ ನೋಡಿದ. ಎರಡನೆಯದು ಸಡಿಲವಾಗಿ ದಾರದಲ್ಲಿ ನೇತಾಡುತ್ತಿತ್ತು. "ಇಲ್ಲ ಸರ್" ಎಂದ. ಕೇಳುವ ತನಕ ಸುಮ್ಮನಿರುತ್ತೇನೆ, ಕೇಳಿದರೆ ಹೇಳಿಬಿಡುತ್ತೇನೆ ಎಂದು ನಾಲ್ಕು ದಿನದಿಂದ ತನಗೆ ತಾನೇ ಕೊಟ್ಟುಕೊಂಡಿದ್ದ ಮಾತು ಅಲ್ಲಿಗೆ ಮುಗಿಯಿತು. ಅದು ಮುಗಿದದ್ದಕ್ಕೆ ಯಾವ ಸದ್ದೂ ಆಗಲಿಲ್ಲ.

ಹನ್ನೊಂದಕ್ಕೆ ಸಭೆಯ ಕೋಣೆಯಲ್ಲಿ ಕುರ್ಚಿಗಳು ಸಾಲದೆ ಕೆಲವರು ಗೋಡೆಗೆ ಒರಗಿ ನಿಂತಿದ್ದರು. ಮೇಲಿನವರು ಪಕ್ಕದವನನ್ನೇ ಅವನೆಂದುಕೊಂಡು ಕೈ ಕುಲುಕಿದರು, ಎಲ್ಲರೂ ನಕ್ಕರು, ಅವನೂ ನಕ್ಕ. ಆ ದೂರದ ಊರಿನಲ್ಲಿ ಈಗ ಒಂದು ಕೋಣೆ ಇರುತ್ತದೆ, ಮೇಜಿನ ಒಂದು ಕಡೆ ಮೂರು ಜನ, ಇನ್ನೊಂದು ಕಡೆ ಒಬ್ಬ, ಅವನ ಮುಂದೆ ಮುಚ್ಚಿಟ್ಟ ಒಂದು ಲೋಟ ನೀರು. ನೀರು ಬಂದಿರುತ್ತದೆ ಈಗ. ದಪ್ಪಗಿರುತ್ತಾನೋ ತೆಳ್ಳಗಿರುತ್ತಾನೋ. ಮ್ಯಾನೇಜರ್ ಹೇಳುತ್ತಿದ್ದರು, ನಮ್ಮ ಹುಡುಗ ಯಾರಿಂದಲೂ ಏನೂ ಬಯಸದೆ ಜಗತ್ತಿಗೇ ಕೊಟ್ಟುಬಿಟ್ಟಿದ್ದಾನೆ ಎಂದು. ನಲವತ್ತೆರಡು ವರ್ಷದ ಹುಡುಗ. ಇಪ್ಪತ್ತು ವರ್ಷದ ಹಿಂದೆ, ಈ ಕಚೇರಿಗೆ ಬರುವ ಮುಂಚಿನ ಮೊದಲ ಕೆಲಸದಲ್ಲಿ, ಅವನು ನಿಜವಾಗಿಯೂ ಹುಡುಗನಾಗಿದ್ದಾಗ, ಗಡುವು ಇಡದೆ ಒಂದು ಬೆಟ್ಟದ ಮೇಲಿನ ಪೆಟ್ಟಿಗೆಯನ್ನು ತಿದ್ದಲು ಹೋಗಿ ಹೊರಗಾಗಿದ್ದ. ಒಂಬತ್ತು ಕಚೇರಿಗಳ ಫೋನು ಸತ್ತಿತ್ತು. ಗಂಟುಮಾಮ ಅವನ ಮುಖ ನೋಡಿ ಏನೂ ಕೇಳದೆ ಕೇಬಲ್ ಸುತ್ತಿಕೊಂಡು ಬಸ್ಸು ಹತ್ತಿದರು. ಆರು ಗಂಟೆಯ ದಾರಿ, ಮೇಲೆ ನಡಿಗೆ. ಮಾರನೆಯ ದಿನ ದೊಡ್ಡ ಸಾಹೇಬರ ಮುಂದೆ, ನಾನೇ ಸರ್, ವಯಸ್ಸಾಯ್ತು, ಕಣ್ಣು ಮಂಜು ಎಂದರು. ಆ ವರ್ಷ ಅವರಿಗೆ ಬರಬೇಕಾಗಿದ್ದ ಬಡ್ತಿ ಬರಲಿಲ್ಲ, ಮುಂದೆಯೂ ಬರಲಿಲ್ಲ. ಅವನು ಹೊರಗೆ ಕಾರಿಡಾರಿನಲ್ಲಿ ನಿಂತಿದ್ದ, ಅಳುವುದೊಂದು ಬಾಕಿ. ಮಾಮ ಅವನ ಕತ್ತಿನ ಹಿಂದೆ ಆ ಕಪ್ಪು ಉಗುರಿನ ಕೈಯಿಟ್ಟು, "ಪರ್ವಾಗಿಲ್ಲ ಬಿಡು, ಇಂಥದ್ದು ಎಲ್ಲರಿಗೂ ಆಗುತ್ತೆ" ಎಂದಿದ್ದರು. ಈಗ ಇದ್ದಿದ್ದರೆ ಅವರಿಗೆ ಹೇಳುತ್ತಿದ್ದೆ ಎಂದುಕೊಂಡ. ಅವರು ತೀರಿಕೊಂಡು ಆರು ವರ್ಷವಾಗಿದ್ದು ಅನುಕೂಲವೇ ಆಯಿತು ಎನ್ನುವುದೂ ಅದರ ಹಿಂದೆಯೇ ಹೊಳೆಯಿತು. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ಫಲಕ ಅಂದುಕೊಂಡದ್ದಕ್ಕಿಂತ ಭಾರವಿತ್ತು. ಫೋಟೋದವನು, ಸರ್ ದವಡೆಯ ಮೇಲೆ ಹತ್ತಿ ಎಂದ. ಕಿತ್ತರೆ ಮತ್ತೆ ರಕ್ತ ಬಂತು.

ಮೂರು ಗಂಟೆಯ ಹೊತ್ತಿಗೆ ಫೋನು ಮಿಣುಕಿತು. ನಲ್ಲಿ.

'ಸರ್, ನಮಸ್ಕಾರ. ನನ್ನ ಲ್ಯಾಪ್‌ಟಾಪನ್ನು ವಿಚಾರಣೆಯವರು ತೆಗೆದುಕೊಂಡು ಹೋಗಿದ್ದರು. ನಿನ್ನೆ ಭಾವನ ಕಂಪ್ಯೂಟರಿನಲ್ಲಿ ನಿಮ್ಮ ಸ್ಕ್ರಿಪ್ಟನ್ನು ಹೊಸದಾಗಿ ಇಳಿಸಿಕೊಂಡೆ. ಗುಜರಿಯಿಂದ ಒಂದು ಹಳೆಯ ಪೆಟ್ಟಿಗೆ ತಂದು ಅದೇ ತಪ್ಪು ನಂಬರು ಹಾಕಿ ಓಡಿಸಿದೆ. ಹತ್ತು ನಿಮಿಷಕ್ಕೆ ಸರಿಯಾಗಿ ವಾಪಸ್ ಬಂತು ಸರ್. ಐದು ಸಲ ಓಡಿಸಿದೆ, ಐದು ಸಲವೂ ಬಂತು. ಅಂದ ಮೇಲೆ ಗಡುವನ್ನು ನಾನೇ ರದ್ದು ಮಾಡಿರಬೇಕು. ಆ ದಿನ ಅವಸರದಲ್ಲಿದ್ದೆ, ಏನು ಒತ್ತಿದೆನೋ ನೆನಪಿಲ್ಲ. ನೆನಪಿಲ್ಲದ್ದನ್ನು ಇಲ್ಲ ಎಂದು ವಾದ ಮಾಡುವುದು ಸರಿಯಲ್ಲ ಅನ್ನಿಸಿತು. ಇವತ್ತು ವಿಚಾರಣೆಯಲ್ಲಿ ಒಪ್ಪಿಕೊಂಡೆ. ಕೆಲಸದಿಂದ ತೆಗೆದರು. ಡ್ರೈವರ್ ಅಣ್ಣನ ಹತ್ತಿರ ಹೋಗಿ ಕಾಲು ಮುಟ್ಟಿ ಬಂದೆ. ಪುಕ್ಕಟೆಯಾಗಿ ಕೊಟ್ಟ ನಿಮ್ಮ ಶ್ರಮದ ಮೇಲೆ ಎಲ್ಲರೆದುರು ಅನುಮಾನ ಪಟ್ಟೆ. ದಯವಿಟ್ಟು ಕ್ಷಮಿಸಿ ಸರ್.'

ಕೆಳಗೆ ಆಗಲೇ ನಾಲ್ಕೈದು ಜನ ಬರೆದಿದ್ದರು. ತಪ್ಪು ಒಪ್ಪಿಕೊಳ್ಳುವ ಇಂಥವರು ಅಪರೂಪ, ಎಂದು ಒಬ್ಬ. ಸ್ಕ್ರಿಪ್ಟು ಗಟ್ಟಿ ಎನ್ನುವುದು ಇದರಿಂದ ಗೊತ್ತಾಯಿತು, ಎಂದು ಇನ್ನೊಬ್ಬ. ಆಮೆ ಎಂದಿದ್ದವನು ಎರಡು ಹೆಬ್ಬೆರಳು ಎತ್ತಿದ್ದ.

ಐದು ಸಲವೂ ಓಡಿದ್ದು ಭಾನುವಾರ ಅವನು ಮರಳಿ ಕೂರಿಸಿದ ಆ ಏಳು ಸಾಲು. ಅವನು ಉತ್ತರದ ಚೌಕ ತೆರೆದ. ಬೆಳಿಗ್ಗೆಯ ಮೂರು ವಾಕ್ಯಗಳು ಹೋಗಿರಲಿಲ್ಲ, ಅಲ್ಲೇ ಇದ್ದವು. ದೋಷ ನನ್ನದು. ಕೆಳಗಿನ ಗುಂಡಿಯನ್ನು ಒಂದು ಸಲ ಒತ್ತಿದರೆ ಆಗುತ್ತಿತ್ತು. ಆದರೆ ಈಗ ಒತ್ತಿದರೆ ಬೆಳಿಗ್ಗೆ ಯಾಕೆ ಒತ್ತಲಿಲ್ಲ ಎನ್ನುತ್ತಾರೆ, ಭಾನುವಾರ ಯಾಕೆ ಹೇಳಲಿಲ್ಲ ಎನ್ನುತ್ತಾರೆ, ಟಿಪ್ಪಣಿ ಒಪ್ಪ ಮಾಡಿದೆಯಾ ಎನ್ನುತ್ತಾರೆ. ನಾಲ್ಕು ದಿನದ ಹಿಂದೆ ಬರೀ ತಪ್ಪಾಗಿತ್ತು. ಈಗ ಅದಕ್ಕೆ ಬೇರೆ ಹೆಸರು. ಅವನಿಗೂ ಯಾರಾದರೂ ಒಂದು ಗಡುವು ಇಟ್ಟಿದ್ದರೆ, ಇಂತಿಷ್ಟು ಹೊತ್ತಿನೊಳಗೆ ನೀನು ಬಾಯಿ ಬಿಡದಿದ್ದರೆ ಭಾನುವಾರಕ್ಕೇ ಮರಳಿಬಿಡು ಎಂದು. ಮೇಜಿನ ಮೇಲಿನ ಫಲಕದ ಗಾಜಿನಲ್ಲಿ ಅವನ ದವಡೆಯ ಗೀರು ಕಾಣುತ್ತಿತ್ತು. ಮೂರು ವಾಕ್ಯಗಳನ್ನು ಹಿಂದಿನಿಂದ ಒಂದೊಂದೇ ಅಕ್ಷರವಾಗಿ ಅಳಿಸಿದ. ಕೊನೆಗೆ 'ದೋಷ' ಮಾತ್ರ ಉಳಿಯಿತು, ಅದನ್ನೂ ಅಳಿಸಿದ. ಖಾಲಿ ಚೌಕದಲ್ಲಿ ಗೆರೆಯೊಂದು ಮಿಟುಕುತ್ತ ನಿಂತಿತು. ನಲ್ಲಿಯವನು ಅಲ್ಲಿ ಕಾಯುತ್ತಿರಬಹುದು. ಏನಾದರೂ ಒಂದು ಹೇಳಬೇಕು, ಏನೂ ಹೇಳದಿದ್ದರೆ ತಪ್ಪಾಗುತ್ತದೆ ಎಂದುಕೊಂಡ. ಮಾತಿಗಾಗಿ ಬಹಳ ಹುಡುಕಬೇಕಾಗಲಿಲ್ಲ, ಇಪ್ಪತ್ತು ವರ್ಷದಿಂದ ಅವನೊಳಗೆ ಇದ್ದ ಮಾತೇ ಬೆರಳಿಗೆ ಬಂತು.

'ಪರವಾಗಿಲ್ಲ ಬಿಡಿ, ಇಂಥದ್ದು ಎಲ್ಲರಿಗೂ ಆಗುತ್ತೆ' ಎಂದು ಬರೆದ. ಯಾರ ಮಾತು ಎಂದು ನೆನಪಾಗುವಷ್ಟರಲ್ಲಿ ಅದು ಹೋಗಿಯಾಗಿತ್ತು. ಕತ್ತಿನ ಹಿಂದೆ ತಣ್ಣಗಾಯಿತು. ಒಂದು ನಿಮಿಷವೂ ಕಳೆದಿರಲಿಲ್ಲ, ಅದರ ಕೆಳಗೆ ನಲ್ಲಿ ಎರಡು ಕೈ ಜೋಡಿಸಿದ್ದ.